ಕನ್ನಡಕದವರು ಬೆನ್ನು ಹತ್ತಿದ ಬಿಳಿ ಕಾರು

ಊರಿನ ಅರ್ಧ ಜನಕ್ಕೆ ಕಣ್ಣು ಕಾಣುವಂತೆ ಮಾಡಿದ ಮಹಾನುಭಾವರೆಂದರೆ ಕನ್ನಡಕದವರು. ಮಾರುಕಟ್ಟೆಯ ತಿರುವಿನಲ್ಲಿ ಅವರ ಅಂಗಡಿ. ಗೋಡೆ ತುಂಬ ಖಾಲಿ ಫ್ರೇಮುಗಳು, ಒಂದು ಉದ್ದನೆಯ ಕನ್ನಡಿ, ಎದುರಿಗೆ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ. ಯಾರಾದರೂ ಕೊನೆಯ ಸಾಲು ಓದಲಾಗದೆ ತಡವರಿಸಿದರೆ ಅವರಿಗೆ ಒಳಗೊಳಗೇ ಖುಷಿ. "ಕಾಣಲ್ವಾ? ಪರವಾಗಿಲ್ಲ ಬಿಡಿ, ಎಲ್ಲರಿಗೂ ನನ್ನ ಥರ ಕಣ್ಣಿರಲ್ಲ" ಎಂದು ಸಮಾಧಾನ ಹೇಳುತ್ತಿದ್ದರು.

ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬಲ್ಲೆ ಎಂಬುದು ಅವರ ಇನ್ನೊಂದು ಹೆಮ್ಮೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಲೇ ಗಾಜು ಕೂರಿಸುತ್ತಿದ್ದರು. ವರ್ಷಗಟ್ಟಲೆ ಹೀಗೆ ಮಾಡಿ ಕುತ್ತಿಗೆ ಒಂದು ಕಡೆ ವಾಲಿ ನಿಂತುಬಿಟ್ಟಿತ್ತು. ಮದುವೆಮನೆಯ ಫೋಟೋಗಳಲ್ಲಿ ಅವರು ಸದಾ ಮದುಮಕ್ಕಳನ್ನು ಕಂಡು ಮರುಗುತ್ತಿರುವಂತೆ ಕಾಣುತ್ತಿದ್ದರು.

ಕಾರು ಕೊಂಡ ಮೇಲೆ ಈ ವಿದ್ಯೆ ರಸ್ತೆಗೂ ಬಂತು. ಸ್ಟೀರಿಂಗಿನ ಪಕ್ಕ ಒಂದು ಸ್ಟ್ಯಾಂಡು ಅಂಟಿಸಿ, ಫೋನನ್ನು ಅದರಲ್ಲಿ ಕೂರಿಸಿ, "ಈಗ ನನ್ನ ಎರಡೂ ಕೈ ಖಾಲಿ. ಇನ್ನೇನು ತೊಂದರೆ?" ಎಂದು ಮನೆಯವರನ್ನು ಕೇಳಿದರು. ಕಣ್ಣು ಖಾಲಿ ಇರುತ್ತಾ ಎಂದು ಯಾರೂ ತಿರುಗಿ ಕೇಳಲಿಲ್ಲ. ಕಣ್ಣಿನ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವುದು ಮೀನಿಗೆ ಈಜು ಕಲಿಸಿದಂತೆ ಎಂದು ಸುಮ್ಮನಾದರು.

ಮುಂದೆ ನಡೆದದ್ದನ್ನು ಈಗ ಕನ್ನಡಕದವರೇ ಅಂಗಡಿಯಲ್ಲಿ ಹೇಳುತ್ತಾರೆ, ಅದೂ ಗಿರಾಕಿಯ ಮೂಗಿನ ಮೇಲೆ ಫ್ರೇಮು ಇಟ್ಟು ಅಳತೆ ತೆಗೆಯುವಾಗ. ಆಗ ಗಿರಾಕಿ ಅಲುಗಾಡುವಂತಿಲ್ಲವಾದ್ದರಿಂದ ಕಥೆಯನ್ನು ಪೂರ್ತಿ ಕೇಳಲೇಬೇಕಾಗುತ್ತದೆ.

ಅದೊಂದು ಭಾನುವಾರ. ಅವರ ಅಕ್ಕನ ಮಗಳಿಗೆ ಗಂಡು ಗೊತ್ತಾಗುವ ಹಂತಕ್ಕೆ ಬಂದಿತ್ತು. ಹುಡುಗಿ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಮಾತು ಕಡಿಮೆ, ಓದು ಜಾಸ್ತಿ. ಹುಡುಗ ನೀರಿನ ಪಂಪು ತಯಾರಿಸುವ ಕಡೆ ಇಂಜಿನಿಯರ್. ಎಲ್ಲ ಸರಿಯಿತ್ತು, ಹುಡುಗನ ತಾಯಿಯದ್ದೊಂದೇ ಭಯ. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಹತ್ತೂವರೆಗೆ ಬನ್ನಿ ಎಂದಿದ್ದರು. ಹತ್ತೂವರೆ ಎಂದರೆ ಹತ್ತು ಮೂವತ್ತು; ಹತ್ತು ಮೂವತ್ತೊಂದಲ್ಲ.

ಹೊರಟದ್ದು ಎರಡು ಕಾರು. ಮುಂದಿನ ಬಿಳಿ ಕಾರಿನಲ್ಲಿ ಭಾವ, ಅಕ್ಕ ಮತ್ತು ಹಿಂದಿನ ಸೀಟು ತುಂಬ ಹಣ್ಣಿನ ಬುಟ್ಟಿಗಳು. ಬುಟ್ಟಿಗಳು ಕೂತ ಮೇಲೆ ಮಗಳಿಗೆ ಜಾಗ ಉಳಿಯಲಿಲ್ಲ. ಹಾಗಾಗಿ ಅವಳು ಸೋದರಮಾವನ ಕಾರು ಹತ್ತಿದಳು. ಅಲ್ಲಿ ಮುಂದೆ ಕನ್ನಡಕದವರ ಹೆಂಡತಿ, ಹಿಂದೆ ಅವರ ವಯಸ್ಸಾದ ಸೋದರತ್ತೆ, ಅತ್ತೆಯ ಮಡಿಲಲ್ಲಿ ಉಳಿದೊಂದು ಹಣ್ಣಿನ ಬುಟ್ಟಿ.

ಭಾವ ತೂಕದ ಮನುಷ್ಯ. ಕಾರು ಹತ್ತುವ ಮೊದಲು ತನ್ನ ಫೋನನ್ನೂ ಅಕ್ಕನ ಫೋನನ್ನೂ ಡಿಕ್ಕಿಯಲ್ಲಿ ಹಾಕಿ ಮುಚ್ಚಿದ. "ನಿನಗೆ ದಾರಿ ಗೊತ್ತಿಲ್ಲ. ನನ್ನ ಕಾರು ನೋಡ್ಕೊಂಡು ಬಾ. ಮುಂದೆ ನೋಡೋದು ನನ್ನ ಕೆಲಸ, ಹಿಂದೆ ಬರೋದು ನಿನ್ನ ಕೆಲಸ" ಎಂದ.

"ಭಾವ, ಸೂಜಿಗೆ ದಾರ ಇದ್ದಂಗೆ ಬರ್ತೀನಿ. ನೀವು ಯೋಚನೇನೇ ಮಾಡಬೇಡಿ."

ದೊಡ್ಡ ಸಿಗ್ನಲ್ಲಿನವರೆಗೆ ದಾರ ಸೂಜಿಯನ್ನು ಬಿಡಲಿಲ್ಲ. ಅಲ್ಲಿ ಕೆಂಪು ದೀಪ ಬಿದ್ದಾಗ ಫೋನು ಬಂತು. ಬೇಕರಿ ಯಜಮಾನರದ್ದು. ಹಿಂದಿನ ದಿನವಷ್ಟೇ ದೂರಕ್ಕೂ ಹತ್ತಿರಕ್ಕೂ ಸೇರಿಸಿ ಹೊಸ ಕನ್ನಡಕ ಹಾಕಿಸಿಕೊಂಡು ಹೋಗಿದ್ದರು. ಈಗ ಮಹಡಿ ಮೆಟ್ಟಿಲಿನ ತುದಿಯಲ್ಲಿ ಕಂಬಿ ಹಿಡಿದು ನಿಂತಿದ್ದರು.

"ಮೆಟ್ಟಿಲು ಎರಡೆರಡು ಕಾಣ್ತಿವೆ ಸ್ವಾಮಿ. ಯಾವುದರ ಮೇಲೆ ಕಾಲಿಡಲಿ?"

"ಹೆದರಬೇಡಿ. ಫೋನಿನ ಕ್ಯಾಮೆರಾ ಹಾಕಿ, ನಾನು ನೋಡಿ ಹೇಳ್ತೀನಿ."

ಅಲ್ಲಿಂದ ಕನ್ನಡಕದವರ ಕಣ್ಣು ಬೇಕರಿಯ ಮೆಟ್ಟಿಲಿನ ಮೇಲೆ ನೆಟ್ಟಿತು. ಹಸಿರು ದೀಪ ಬಂತು. ಭಾವನ ಕಾರು ಎಡಕ್ಕೆ ತಿರುಗಿತು. ಪಕ್ಕದ ಸಾಲಿನಲ್ಲಿದ್ದ ಇನ್ನೊಂದು ಬಿಳಿ ಕಾರು ನೇರ ಹೋಯಿತು. ಕನ್ನಡಕದವರು ತಲೆ ಎತ್ತಿದಾಗ ಎದುರಿಗೆ ಒಂದು ಬಿಳಿ ಕಾರಿತ್ತು. ಅಷ್ಟು ಸಾಕಾಯಿತು.

ಸ್ವಲ್ಪ ದೂರ ಹೋದ ಮೇಲೆ ಹೆಂಡತಿ ಕೇಳಿದರು. "ರೀ, ಭಾವನ ಕಾರಿನ ಹಿಂದಿನ ಗಾಜಿಗೆ ಸೂರ್ಯಕಾಂತಿ ಹೂವಿನ ಚಿತ್ರ ಯಾವಾಗ ಬಂತು?"

"ಶುಭಕಾರ್ಯಕ್ಕೆ ಹೊರಟಿದಾರೆ. ಅಂಟಿಸಿರ್ತಾರೆ."

"ಅದರ ಕೆಳಗೆ ಚಿತ್ರಕಲಾ ತರಗತಿ ಅಂತ ಬರೆದಿದೆ."

"ಅಕ್ಕ ಸೇರಿರಬೇಕು. ಅವಳಿಗೆ ಮೊದಲಿಂದಾನೂ ಆಸೆ. ಎಡಗಾಲು ಇಡಿ ಯಜಮಾನ್ರೇ, ನಿಧಾನ, ಎಡಗಾಲು."

ಯಜಮಾನರಿಗೆ ಎಡಗಾಲು ಎಂದು ಹೇಳುವಾಗ ತಮಗರಿವಿಲ್ಲದೆ ತಮ್ಮ ಎಡಗಾಲನ್ನೂ ಒತ್ತಿದರು. ಕಾರು ಮುಗ್ಗರಿಸಿತು. ಹಿಂದಿನಿಂದ ಸೋದರತ್ತೆ ತಮ್ಮ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಲೋ, ಆ ಕಾರಿನ ನಂಬರಿನ ಕೊನೆಗೆ ಏಳು ಇದೆ. ನಿಮ್ಮ ಭಾವಂದು ನಾಲ್ಕು."

"ಅತ್ತೆ, ನಿಮ್ಮದು ಓದೋ ಕನ್ನಡಕ. ದೂರದ್ದು ಅದರಲ್ಲಿ ಸರಿ ಕಾಣಲ್ಲ."

"ಎರಡಕ್ಕೂ ಆಗುತ್ತೆ ಅಂತ ನೀನೇ ಕೊಟ್ಟಿದ್ದಲ್ಲೋ."

ಕನ್ನಡಕದವರು ಜೋರಾಗಿ ಹಾರ್ನ್ ಹೊಡೆದರು. ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಇನ್ನು ಮುಂದಿನ ಕಾರಿನ ವಿಷಯ. ಅದನ್ನು ಓಡಿಸುತ್ತಿದ್ದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಸ್ವಭಾವತಃ ಮೆತ್ತಗಿನವರು. ಹಿಂದಿನ ದಿನ ಮಕ್ಕಳ ಚಿತ್ರಸ್ಪರ್ಧೆಯೊಂದಕ್ಕೆ ತೀರ್ಪುಗಾರರಾಗಿ ಹೋಗಿ, ಯಾರದೋ ಮಗಳ ನವಿಲಿಗೆ ಮೂರನೆಯ ಬಹುಮಾನ ಕೊಟ್ಟು ಬಂದಿದ್ದರು. ರಾತ್ರಿ ಆ ಮಗುವಿನ ತಂದೆ ಫೋನು ಮಾಡಿ, "ನಮ್ಮ ನವಿಲು ಮೂರನೇದಾ? ನಿಮ್ಮನ್ನ ನೋಡ್ಕೋತೀನಿ" ಎಂದು ಇಟ್ಟುಬಿಟ್ಟಿದ್ದ. ಬೆಳಗಾದರೆ ಹಿಂದೆ ಒಂದು ಕಾರು, ಬಿಡದೆ, ಹಾರ್ನ್ ಹೊಡೆಯುತ್ತ ಬರುತ್ತಿದೆ. ಯಾರಿಗಾದರೂ ಎದೆ ಝಲ್ಲೆನ್ನದೆ ಇರುತ್ತದೆಯೇ?

ರೈಲ್ವೆ ಗೇಟು ಹಾಕಿತ್ತು. ಸೂರ್ಯಕಾಂತಿಗೆ ಮೂತಿ ತಾಗಿಸಿ ಕನ್ನಡಕದವರ ಕಾರು ನಿಂತಿತು. ಎಲ್ಲರೂ ಇಂಜಿನ್ ಆರಿಸಿ ಕಿಟಕಿ ಇಳಿಸಿದರು. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಬೇಕರಿ ಯಜಮಾನರು ನಾಲ್ಕನೇ ಮೆಟ್ಟಿಲ ಮೇಲೆ ಅಳುವುದೊಂದು ಬಾಕಿ. ಕನ್ನಡಕದವರು ಧೈರ್ಯ ಹೇಳತೊಡಗಿದರು. ಅವರ ಅಂಗಡಿಯ ಭಾಷೆಯಲ್ಲಿ ಕನ್ನಡಕದ ಗಾಜಿಗೆ ಕಣ್ಣು ಎಂದೇ ಹೆಸರು. ಫೋನಿನಲ್ಲಿ ಅವರ ದನಿ, ಆಚೆ ಕಡೆಯವರಿಗೆ ಫೋನಿಲ್ಲದೆಯೂ ಕೇಳಲಿ ಎಂಬಷ್ಟು ದೊಡ್ಡದು.

"ಇವತ್ತು ಸಂಜೆ ನಿಮ್ಮ ಮನೆಗೇ ಬರ್ತೀನಿ. ಎರಡೂ ಕಣ್ಣು ಕಿತ್ತು ತೆಗೆದುಬಿಡ್ತೀನಿ. ಹತ್ತು ನಿಮಿಷದ ಕೆಲಸ. ಸಾವಿರಾರು ಜನಕ್ಕೆ ಮಾಡಿದೀನಿ, ಒಬ್ಬರೂ ಕಮಕ್ ಕಿಮಕ್ ಅಂದಿಲ್ಲ. ಬೇಕಾದ್ರೆ ನಿಮ್ಮ ಹೆಂಡತಿಯವರದ್ದೂ ಜೊತೆಗೇ ಮುಗಿಸಿಬಿಡೋಣ."

ಮುಂದಿನ ಕಾರಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಸೀಟಿನಲ್ಲಿ ಅರ್ಧ ಕೆಳಗಿಳಿದರು. ಗೇಟು ತೆರೆದದ್ದೇ ತಡ, ಬಿಲ್ಲಿನಿಂದ ಬಾಣ ಬಿಟ್ಟಂತೆ ಹೊರಟರು.

"ನೋಡು, ಭಾವ ಹೇಗೆ ಓಡಿಸ್ತಿದಾರೆ" ಎಂದು ಕನ್ನಡಕದವರು ಮೆಚ್ಚಿದರು. "ಹೆಡ್‌ಮಿಸ್ಟ್ರೆಸ್ ಭಯ."

ಮುಂದಿನ ವೃತ್ತದಲ್ಲಿ ಮೇಷ್ಟ್ರು ಒಂದು ಪರೀಕ್ಷೆ ಮಾಡಿದರು. ಎಲ್ಲಿಗೂ ತಿರುಗದೆ ವೃತ್ತವನ್ನೇ ಒಂದು ಸುತ್ತು ಹಾಕಿದರು. ಹಿಂದಿನ ಕಾರೂ ಹಾಕಿತು. ಎರಡನೇ ಸುತ್ತು ಹಾಕಿದರು. ಅದೂ ಹಾಕಿತು.

"ದಾರಿ ತಪ್ಪಿದೆ. ಇಳಿದು ಕೇಳೋಕೆ ಭಾವನಿಗೆ ಸ್ವಾಭಿಮಾನ ಅಡ್ಡ" ಎಂದು ಕನ್ನಡಕದವರು ಭಾವನ ಮನೆಯವರ ಗುಣವನ್ನು ವಿವರಿಸಿ, ಮತ್ತೆ ಫೋನಿನ ಕಡೆ ಬಗ್ಗಿದರು. "ಈಗ ಬಲಗಾಲು ಯಜಮಾನ್ರೇ."

ಆಗ ಹೆಂಡತಿ ಜೋರಾಗಿ ಏನೋ ಕೂಗಿದರು.

"ಒಂದ್ನಿಮಿಷ ಇರೇ, ಫೋನಲ್ಲಿದೀನಿ."

ಕಾರಿನ ಹಿಂಬದಿಗೆ ಠಪ್ಪೆಂದು ಏನೋ ಬಡಿಯಿತು. ಹಿಂದೆ ಹುಡುಗಿ ಪುಸ್ತಕ ಮುಚ್ಚಿ ಗಾಜಿನಿಂದ ಹಿಂದಕ್ಕೆ ನೋಡಿದಳು. "ಮಾವ, ನಿಲ್ಲಿಸಿ" ಎಂದಳು. ಮಾವನಿಗೆ ಅದು ಕೇಳಿಸಲಿಲ್ಲ. ಮೂರನೇ ಸುತ್ತು ಮುಗಿಸಿದ ಬಿಳಿ ಕಾರು ಒಂದು ದೊಡ್ಡ ಗೇಟಿನೊಳಗೆ ನುಗ್ಗಿತ್ತು. ಇವರೂ ನುಗ್ಗಿದರು. ಸರಿಯಾಗಿ ಆಗಲೇ ಬೇಕರಿ ಯಜಮಾನರ ಕಾಲು ನೆಲ ಮುಟ್ಟಿತು.

"ಇಳಿದೇಬಿಟ್ರು ನೋಡು" ಎಂದು ಕನ್ನಡಕದವರು ವಿಜಯಿಯಂತೆ ಫೋನು ಆರಿಸಿ ಸುತ್ತ ನೋಡಿದರು. ವಿಶಾಲವಾದ ಅಂಗಳ. ಒಂದು ಮೂಲೆಯಲ್ಲಿ ಹಳೆಯ ವಾಹನಗಳ ರಾಶಿ. "ಅನುಕೂಲಸ್ಥರೇ. ಎಷ್ಟು ಗಾಡಿ ಇಟ್ಟಿದಾರೆ."

"ರೀ, ಇದು ಪೊಲೀಸ್ ಸ್ಟೇಷನ್ನು."

"ಹುಡುಗನ ಚಿಕ್ಕಪ್ಪ ಪೊಲೀಸು ಅಂತ ಭಾವ ಹೇಳಿರಲಿಲ್ವಾ? ಕ್ವಾರ್ಟರ್ಸ್ ಇರಬೇಕು."

"ಅವರು ಅಂಚೆ ಇಲಾಖೆ."

"ಯಾವುದೋ ಒಂದು ಖಾಕಿ. ಅತ್ತೆ, ಬುಟ್ಟಿ ಹಿಡ್ಕೊಂಡು ಇಳೀರಿ. ಎಲ್ಲರೂ ಸ್ವಲ್ಪ ನಗ್ತಾ ಬನ್ನಿ."

ಬಾಗಿಲಲ್ಲಿ ನಿಂತಿದ್ದ ಪೇದೆಗೆ ಕನ್ನಡಕದವರು ಕೈಜೋಡಿಸಿದರು. "ನಮಸ್ಕಾರ. ಸ್ವಲ್ಪ ತಡ ಆಯ್ತು. ಹುಡುಗ ಒಳಗಿದ್ದಾನಾ?"

"ಯಾವ ಹುಡುಗ? ಒಳಗೆ ಮೂವರಿದ್ದಾರೆ."

"ನಮಗೆ ಒಬ್ಬನ ವಿಷಯಾನೇ ಹೇಳಿದ್ದು" ಎಂದು ಕನ್ನಡಕದವರು ಗಲಿಬಿಲಿಗೊಂಡರು. "ಯಾರಾದ್ರೂ ಆಗಲಿ, ಹುಡುಗಿ ನೋಡಿ ಹೇಳ್ತಾಳೆ."

"ಗುರುತು ಹಿಡಿಯೋಕೆ ಬಂದ್ರಾ? ಹಾಗಾದ್ರೆ ಒಳಗೆ ಬನ್ನಿ."

ಒಳಗೆ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ಉದ್ದನೆಯ ಕೂದಲಿನ ಅಪರಿಚಿತರೊಬ್ಬರು ನೀರು ಕುಡಿಯುತ್ತಿದ್ದರು. ಕನ್ನಡಕದವರನ್ನು ಕಂಡದ್ದೇ ಲೋಟ ಬಿಟ್ಟು ಇನ್ಸ್‌ಪೆಕ್ಟರ್ ಬೆನ್ನ ಹಿಂದೆ ಹೋಗಿ ನಿಂತರು. "ಇವರೇ ಸಾರ್. ನನ್ನ ಕಣ್ಣು ಕೀಳ್ತೀನಿ ಅಂದೋರು. ಹತ್ತು ನಿಮಿಷದ ಕೆಲಸ ಅಂತೆ."

ಕನ್ನಡಕದವರು ಅವರನ್ನು ನೋಡಿದರು. ಭಾವನಿಗೆ ಕೂದಲಿರಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದರು. ಭಾವನ ಕಾರಿಗೆ ಸೂರ್ಯಕಾಂತಿ ಇರಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತರು.

ಇನ್ಸ್‌ಪೆಕ್ಟರ್ ಗಂಭೀರ ಮನುಷ್ಯ. ಎರಡೂ ಕಡೆಯ ಮಾತು ಕೇಳಿದ. ಬೇಕರಿ ಯಜಮಾನರಿಗೆ ಫೋನು ಮಾಡಿ ಕಣ್ಣು ಎಂದರೆ ಗಾಜು ಎಂದು ಖಚಿತಪಡಿಸಿಕೊಂಡ. ಅಲ್ಲಿಗೆ ನಕ್ಕು ಮುಗಿಸುವವನಂತೆ ಕಂಡ. ಆದರೆ ಡ್ರಾಯಿಂಗ್ ಮೇಷ್ಟ್ರಿಗೆ ನಡೆದದ್ದನ್ನು ಬರೆದುಕೊಡಿ ಎಂದು ಕಾಗದ ಕೊಟ್ಟಿದ್ದ. ಅಕ್ಷರಕ್ಕಿಂತ ಗೆರೆಯೇ ವಾಸಿ ಎಂದು ಮೇಷ್ಟ್ರು ಚಿತ್ರ ಬಿಡಿಸಿದ್ದರು. ಅದನ್ನು ಈಗ ಮೇಜಿನ ಮೇಲಿಟ್ಟರು.

ಕನ್ನಡಿಯಲ್ಲಿ ಕಂಡದ್ದನ್ನು ಮೇಷ್ಟ್ರು ಚಾಚೂ ತಪ್ಪದೆ ಬಿಡಿಸಿದ್ದರು. ವೃತ್ತ, ಅದರ ಸುತ್ತ ಕಾರು. ಒಳಗೆ ವಾಲಿದ ಕುತ್ತಿಗೆಯ ಮನುಷ್ಯ ತಲೆ ತಗ್ಗಿಸಿ ಫೋನಿಗೆ ನಗುತ್ತಿದ್ದಾನೆ. ಪಕ್ಕದಲ್ಲಿ ಹೆಂಗಸೊಬ್ಬಳ ಬಾಯಿ ತೆರೆದಿದೆ. ಕಾರಿನ ಮೂತಿಯ ಹತ್ತಿರ, ಸೈಕಲ್ಲಿನ ಸಮೇತ ಒಬ್ಬ ಮನುಷ್ಯ ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದಾನೆ.

"ಇದ್ಯಾರು?" ಎಂದರು ಕನ್ನಡಕದವರು.

ಹೆಂಡತಿ ಹೇಳಿದರು. "ನಾನು ಕೂಗಿದೆ. ನೀವು ಒಂದ್ನಿಮಿಷ ಇರೇ ಅಂದ್ರಿ."

"ಅವರು ಎದ್ದು ನಿಂತಿದ್ದು ನಾನು ನೋಡ್ದೆ ಮಾವ. ಅಷ್ಟರಲ್ಲಿ ನೀವು ಗೇಟಿಗೆ ತಿರುಗಿಸಿದ್ರಿ" ಎಂದಳು ಹುಡುಗಿ.

ಹೊರಗೆ ಹೋಗಿದ್ದ ಪೇದೆ ವಾಪಸ್ಸು ಬಂದ. ಕೈಯಲ್ಲಿ ಒಂದು ಸವೆದ ಚಪ್ಪಲಿ. "ಹಾರಿ ಬಂದು ಕಾರಿನ ಹಿಂದಿನ ವೈಪರಿಗೆ ಸಿಕ್ಕಿಕೊಂಡಿತ್ತು ಸಾರ್."

ಇನ್ಸ್‌ಪೆಕ್ಟರ್ ಚಪ್ಪಲಿಯನ್ನು ಚಿತ್ರದ ಪಕ್ಕ ಇಟ್ಟ. "ಕಾರಿನ ಕೀ ಇಲ್ಲಿಡಿ. ನೀವು ಹೋಗ್ತಿದ್ದ ಮನೆ ನಂಬರ್ ಕೊಡಿ. ಹೇಳಿದ್ದು ನಿಜಾನಾ ಅಂತ ನೋಡಬೇಕು."

ಭಾವನ ಫೋನು ಡಿಕ್ಕಿಯಲ್ಲಿ. ಅಕ್ಕನದೂ ಅಲ್ಲೇ. ಹುಡುಗಿಯ ಹತ್ತಿರ ಇದ್ದದ್ದು ಹುಡುಗನ ತಾಯಿಯ ನಂಬರೊಂದೇ. ಇನ್ಸ್‌ಪೆಕ್ಟರ್ ಸ್ಪೀಕರ್ ಹಾಕಿದ.

"ನಮಸ್ಕಾರ ಮೇಡಂ, ಪೊಲೀಸ್ ಠಾಣೆಯಿಂದ. ನಿಮ್ಮ ಮನೆಗೆ ಇವತ್ತು ಹುಡುಗಿ ಕಡೆಯವರು ಬರಬೇಕಿತ್ತಾ?"

"ಅರ್ಧ ಬಂದಿದ್ದಾರೆ. ಹುಡುಗಿ ಬಂದಿಲ್ಲ. ಈಗ ಹನ್ನೊಂದು ಐದು."

"ಹುಡುಗಿ ಇಲ್ಲಿದ್ದಾರೆ ಮೇಡಂ."

"ಯಾವ ಕೇಸು?"

"ಹುಡುಗಿ ಮೇಲೆ ಏನೂ ಇಲ್ಲ. ಸೋದರಮಾವನ ಮೇಲೆ."

ಕನ್ನಡಕದವರು ಕಣ್ಣು ಮುಚ್ಚಿಕೊಂಡರು. ಆ ದಿನ ಅವರು ಕಣ್ಣನ್ನು ಸರಿಯಾಗಿ ಬಳಸಿದ್ದು ಅದೇ ಮೊದಲು.

ಇಪ್ಪತ್ತು ನಿಮಿಷಕ್ಕೆ ಹೆಡ್‌ಮಿಸ್ಟ್ರೆಸ್ ಬಂದರು. ಇಸ್ತ್ರಿ ಮಾಡಿದ ಸೀರೆ, ನೆಟ್ಟಗಿನ ಬೆನ್ನು. ಹಿಂದೆ ಮಗ, ಅಕ್ಕ, ಎಲ್ಲರಿಗಿಂತ ಹಿಂದೆ ಭಾವ. ಭಾವ ಡ್ರಾಯಿಂಗ್ ಮೇಷ್ಟ್ರ ಕೂದಲನ್ನು ನೋಡಿದ, ತನ್ನ ತಲೆ ಸವರಿಕೊಂಡ, ಭಾವಮೈದುನನನ್ನು ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ಕನ್ನಡಕದವರಿಗೆ ಅನ್ನಿಸಿತು. ಸೋದರತ್ತೆ ಮಾತ್ರ ಬಂದ ಕೆಲಸ ಮರೆಯದೆ ಹಣ್ಣಿನ ಬುಟ್ಟಿಯನ್ನು ಬೀಗಿತ್ತಿಯ ಕೈಗೆ ಒಪ್ಪಿಸಿದರು.

ಕನ್ನಡಕದವರು ಆಗ ತಮ್ಮ ಹೇಳಿಕೆ ಬರೆಯುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಕೈಚಾಚಿದರು, ಇವರು ಕೊಟ್ಟುಬಿಟ್ಟರು. ಆಕೆ ಓದಿದರು.

"ಸಿಗ್ನಲ್ ದಾಟುವಾಗ ಮುಂದಿನ ಕಾರು ಬದಲಾಗಿ ಹೋಯಿತು. ಅನಂತರ ಸೈಕಲ್ಲೊಂದು ರಸ್ತೆ ಬದಿಗೆ ಬಿದ್ದಿತು ಎಂದು ತಿಳಿದುಬಂದಿದೆ." ಕಾಗದ ಕೆಳಗಿಳಿಸಿದರು. "ಕಾರು ತಾನೇ ಬದಲಾಯ್ತಾ?"

"ಇಲ್ಲ."

"ಸೈಕಲ್ಲು ತಾನೇ ಬಿತ್ತಾ?"

"ಇಲ್ಲ, ಟೀಚರ್." ಟೀಚರ್ ಎನ್ನುವುದು ತಾನಾಗಿಯೇ ಬಾಯಿಂದ ಬಂತು.

"ಒಂದೂವರೆ ಪುಟ ಬರೆದಿದ್ದೀರಿ. 'ನಾನು' ಅನ್ನೋ ಪದ ಎಲ್ಲೂ ಇಲ್ಲ. ಸೇರಿಸಿ ಬರೀರಿ."

ಐವತ್ತೆರಡನೆಯ ವಯಸ್ಸಿನಲ್ಲಿ, ಬೀಗರ ಎದುರಿಗೆ, ಠಾಣೆಯ ಬೆಂಚಿನ ಮೇಲೆ ಕೂತು ಕನ್ನಡಕದವರು ಎರಡನೇ ಸಲ ಬರೆದರು. ಈ ಸಲ ಮೂರೇ ಸಾಲು. ನಾನು ಫೋನು ನೋಡುತ್ತಿದ್ದೆ. ನಾನು ರಸ್ತೆ ನೋಡಲಿಲ್ಲ. ನಾನು ಒಬ್ಬರನ್ನು ಬೀಳಿಸಿ ನಿಲ್ಲಿಸದೆ ಬಂದೆ.

ಆಕೆ ಓದಿ ತಲೆಯಾಡಿಸಿದರು. "ಈಗ ಸರಿ ಇದೆ. ಆ ಮನುಷ್ಯ ಎಲ್ಲಿದ್ದಾನೆ?"

"ವೃತ್ತದ ಹತ್ತಿರ ಟೀ ಅಂಗಡೀಲಿ ಕೂತಿದಾನೆ ಮೇಡಂ. ಕೊಡೆ ರಿಪೇರಿಯವನು. ಮಂಡಿ ತರಚಿದೆ" ಎಂದ ಪೇದೆ.

"ಚಪ್ಪಲಿ ತಗೊಂಡು ನಡೀರಿ" ಎಂದ ಇನ್ಸ್‌ಪೆಕ್ಟರ್. "ದಂಡದ ಚೀಟಿ ಆಮೇಲೆ."

ಹೀಗೆ ಕನ್ನಡಕದವರು ಹಾಡುಹಗಲಲ್ಲಿ, ಹೊಸ ಕೋಟು ತೊಟ್ಟು, ಯಾರದೋ ಒಂಟಿ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಡು ರಸ್ತೆಯಲ್ಲಿ ನಡೆದುಹೋದರು. ಜೇಬಿನಲ್ಲಿ ಫೋನು ಎರಡು ಸಲ ಬಡಿದುಕೊಂಡಿತು. ತೆಗೆಯಲಿಲ್ಲ.

ಕೊಡೆಯವನು ಒಂದು ಕಾಲು ಬರಿಗಾಲಾಗಿ ಕೂತಿದ್ದ. ಸೈಕಲ್ಲಿನ ಮುಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಗಿತ್ತು. ಕನ್ನಡಕದವರು ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟರು.

"ನಾನೇ ಕಣಪ್ಪ. ನಿನ್ನನ್ನ ನೋಡ್ಲಿಲ್ಲ."

"ನಾನು ನಿಮ್ಮನ್ನ ನೋಡ್ದೆ ಸ್ವಾಮಿ" ಎಂದ ಅವನು, ಕೋಪವೇನೂ ಇಲ್ಲದೆ. "ನೀವು ನಗ್ತಾ ಬರ್ತಿದ್ರಿ. ನಗ್ತಾ ಬರೋರು ಗುದ್ದಲ್ಲ ಅಂತ ಸುಮ್ನೆ ಇದ್ದೆ."

ಇಲ್ಲಿಗೆ ಬಂದಾಗ ಕನ್ನಡಕದವರು ಕಥೆ ನಿಲ್ಲಿಸಿ, ಗಿರಾಕಿಯ ಮೂಗಿನಿಂದ ಫ್ರೇಮು ತೆಗೆದು, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಅವತ್ತು ಕೊಡೆಯವನ ಮಂಡಿಗೆ ಪಟ್ಟಿ ಕಟ್ಟಿಸಿದರು, ಸೈಕಲ್ಲನ್ನು ತಾವೇ ರಿಪೇರಿ ಅಂಗಡಿಗೆ ಹೊತ್ತೊಯ್ದರು, ಚಕ್ರ ನೆಟ್ಟಗಾಗುವವರೆಗೆ ಅಲ್ಲೇ ನಿಂತರು. ಬೇರೆ ಯಾವ ಕೆಲಸವನ್ನೂ ಜೊತೆಗೆ ಮಾಡಲಿಲ್ಲ. ಒಂದೇ ಕೆಲಸ ಮಾಡುವುದು ಇಷ್ಟು ಕಷ್ಟವೆಂದು ಅವರಿಗೆ ಅವತ್ತೇ ಗೊತ್ತಾದದ್ದು.

ಠಾಣೆಗೆ ಹಿಂತಿರುಗಿದಾಗ ಅಲ್ಲಿ ಬೇರೆಯೇ ದೃಶ್ಯ. ಸೋದರತ್ತೆ ಬೀಗಿತ್ತಿಯ ಕೈಯಿಂದ ಬುಟ್ಟಿ ವಾಪಸ್ಸು ತೆಗೆದುಕೊಂಡು ಇನ್ಸ್‌ಪೆಕ್ಟರ್‌ಗೂ ಪೇದೆಗೂ ಡ್ರಾಯಿಂಗ್ ಮೇಷ್ಟ್ರಿಗೂ ಹಣ್ಣು ಹಂಚುತ್ತಿದ್ದರು. ಮೇಷ್ಟ್ರು ಅಕ್ಕನಿಗೆ ಚಿತ್ರಕಲಾ ತರಗತಿಯ ಸಮಯ ತಿಳಿಸುತ್ತಿದ್ದರು. ಅಂಗಳದ ಮೂಲೆಯಲ್ಲಿ, ಮುಟ್ಟುಗೋಲು ಹಾಕಿದ ಲಾರಿಯೊಂದರ ನೆರಳಿನಲ್ಲಿ, ಹುಡುಗ ಹುಡುಗಿ ನಿಂತು ಮಾತಾಡುತ್ತಿದ್ದರು. ಹುಡುಗಿ ನಗುತ್ತಿದ್ದಳು. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ಅವರ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಏನು ಮಾತು ಎಂದು ಆಮೇಲೆ ಕೇಳಿದ್ದಕ್ಕೆ, "ಎಲ್ಲಾ ನಿಮ್ಮ ವಿಷಯಾನೇ ಮಾವ" ಎಂದಳು.

ದಂಡ ಕಟ್ಟಿದ್ದಾಯಿತು. ಕಾರಿನ ಕೀಯನ್ನು ಇನ್ಸ್‌ಪೆಕ್ಟರ್ ಕನ್ನಡಕದವರಿಗೆ ಕೊಡದೆ ಹುಡುಗಿಯ ಕೈಗೆ ಕೊಟ್ಟ. ಹೊರಡುವ ಹೊತ್ತಿಗೆ ಭಾವ ಅಂಗಳದಲ್ಲಿ ನಿಂತೇ ಹೆಡ್‌ಮಿಸ್ಟ್ರೆಸ್ ಅವರನ್ನು ಕೇಳಿದ.

"ನಿಮ್ಮ ಅಭಿಪ್ರಾಯ ಯಾವಾಗ ತಿಳಿಸ್ತೀರಿ? ನಾವೇನೂ ಅವಸರ ಮಾಡಲ್ಲ."

ಆಕೆ ಮಗನನ್ನು ನೋಡಿದರು. ಮಗ ತಲೆಯಾಡಿಸಿದ. ಹುಡುಗಿಯನ್ನು ನೋಡಿದರು. ಕೊನೆಗೆ ಕನ್ನಡಕದವರ ಮೇಲೆ ಕಣ್ಣಿಟ್ಟು, ಅಕ್ಷರದ ಹಲಗೆಯ ಕೊನೆಯ ಸಾಲು ಓದುವವರಂತೆ ತುಸು ಹೊತ್ತು ನೋಡಿದರು.

"ಹುಡುಗಿ ನಮಗೆ ಒಪ್ಪಿಗೆ" ಎಂದರು. "ಸೋದರಮಾವನ ವಿಷಯ ಯೋಚನೆ ಮಾಡಿ ಹೇಳ್ತೀವಿ."

ಮದುವೆಯಾಗಿ ಎಂಟು ತಿಂಗಳಾಯಿತು. ಆ ಉತ್ತರ ಇನ್ನೂ ಬಂದಿಲ್ಲ.